ರೋಗಿಯ ಮನೆಯ ಗಾಂಜಾ ಗಿಡ: ಬೇಡ ಎನ್ನುವ ಅಧಿಕಾರ ಯಾರದ್ದು?

2002ರ ಆಗಸ್ಟ್ 15ರಂದು ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯ ಒಂದು ಮನೆಗೆ ಎರಡು ಸರ್ಕಾರಗಳ ಪೊಲೀಸರು ಒಟ್ಟಿಗೇ ಬಂದರು. ಒಂದು ತಂಡ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್ ಕಡೆಯದ್ದು. ಇನ್ನೊಂದು ಫೆಡರಲ್ ಸರ್ಕಾರದ, ಅಂದರೆ ಇಡೀ ದೇಶದ ಕೇಂದ್ರ ಸರ್ಕಾರದ, ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಕಡೆಯದ್ದು. ಮನೆಯೊಡತಿ ಡಯಾನ್ ಮಾನ್ಸನ್ ಅವರಿಗೆ ತೀರದ ಬೆನ್ನುನೋವು. ವೈದ್ಯರ ಸಲಹೆಯಂತೆ ಆರು ಗಾಂಜಾ ಗಿಡ ಬೆಳೆಸಿಕೊಂಡಿದ್ದರು. ಕೌಂಟಿಯವರು ಎಲ್ಲ ವಿಚಾರಿಸಿ, ರಾಜ್ಯದ ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ ಎಂದರು. ಡಿಇಎಯವರು ಒಪ್ಪಲಿಲ್ಲ. ಮೂರು ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ಫೆಡರಲ್ ಅಧಿಕಾರಿಗಳು ಆರೂ ಗಿಡಗಳನ್ನು ವಶಕ್ಕೆ ತೆಗೆದುಕೊಂಡು ನಾಶ ಮಾಡಿದರು.

ಆಕೆ ಆ ಗಾಂಜಾವನ್ನು ಯಾರಿಗೂ ಮಾರುತ್ತಿರಲಿಲ್ಲ. ರಾಜ್ಯದ ಗಡಿಯನ್ನೂ ದಾಟಿಸುತ್ತಿರಲಿಲ್ಲ. ಹಾಗಿದ್ದ ಮೇಲೆ ವಾಷಿಂಗ್ಟನ್‌ನಲ್ಲಿ ಕೂತ ಸರ್ಕಾರಕ್ಕೆ ಆ ಗಿಡಗಳನ್ನು ಮುಟ್ಟುವ ಅಧಿಕಾರ ಬಂದದ್ದು ಎಲ್ಲಿಂದ? ವೈದ್ಯಕೀಯ ಗಾಂಜಾ ಬಗ್ಗೆ ಅಮೆರಿಕದಲ್ಲಿ ನಡೆಯುತ್ತಿರುವ ಕಾನೂನು ಜಗಳದ ತಿರುಳು ಇದೇ. ಗಾಂಜಾ ಔಷಧವೋ ಅಲ್ಲವೋ ಎನ್ನುವುದರ ಬಗ್ಗೆ ಜನ ಎಷ್ಟೇ ಕೂಗಾಡಲಿ, ಕೋರ್ಟಿನ ಒಳಗೆ ಹೋದರೆ ಚರ್ಚೆ ಬೇರೆಯೇ ಇದೆ. ಅಲ್ಲಿ ಕೇಳುವುದು, ಔಷಧ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂದು.

ತೆರಿಗೆಯ ಹೆಸರಿನಲ್ಲಿ ಬಂದ ನಿಷೇಧ

ಅಮೆರಿಕದ ಸಂವಿಧಾನ ಫೆಡರಲ್ ಸರ್ಕಾರಕ್ಕೆ ಅಧಿಕಾರಗಳನ್ನು ಎಣಿಸಿ ಕೊಟ್ಟಿದೆ. ಅಲ್ಲಿ ಬರೆಯದೆ ಬಿಟ್ಟದ್ದು ರಾಜ್ಯಗಳಿಗೆ, ಇಲ್ಲವೇ ಜನರಿಗೆ ಸೇರಿದ್ದು. ಜನರ ಆರೋಗ್ಯ, ವೈದ್ಯರ ಲೈಸೆನ್ಸ್, ದಿನನಿತ್ಯದ ಅಪರಾಧಗಳು ಎಲ್ಲ ಮೊದಲಿನಿಂದಲೂ ರಾಜ್ಯಗಳ ಕೈಯಲ್ಲೇ ಇವೆ. ಇಡೀ ದೇಶದಲ್ಲಿ ಹೆಂಡ ನಿಲ್ಲಿಸಬೇಕು ಎಂದು ಹೊರಟಾಗ ಸಂವಿಧಾನವನ್ನೇ ತಿದ್ದಬೇಕಾಯಿತು. 1919ರಲ್ಲಿ 18ನೇ ತಿದ್ದುಪಡಿ ಬಂತು. ಅದನ್ನು ತೆಗೆಯಲು 1933ರಲ್ಲಿ 21ನೇ ತಿದ್ದುಪಡಿ ಬೇಕಾಯಿತು. ಹೆಂಡಕ್ಕೆ ಬೇಕಾದ ತಿದ್ದುಪಡಿ ಗಾಂಜಾಕ್ಕೆ ಯಾಕೆ ಬೇಡವಾಯಿತು? ಗಾಂಜಾ ನಿಷೇಧವನ್ನು ವಿರೋಧಿಸುವವರು ಇವತ್ತಿಗೂ ಮೊದಲು ಎತ್ತುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ.

1937ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಗಾಂಜಾವನ್ನು ನೇರವಾಗಿ ನಿಷೇಧಿಸುವ ಧೈರ್ಯ ಮಾಡಲಿಲ್ಲ. ತೆರಿಗೆ ಕಾಯ್ದೆ ಮಾಡಿತು. ನೋಂದಾಯಿಸಿಕೊಂಡವರಿಗೆ ಗಾಂಜಾ ಕೊಟ್ಟರೆ ಔನ್ಸಿಗೆ 1 ಡಾಲರ್ ತೆರಿಗೆ, ನೋಂದಣಿ ಇಲ್ಲದವರಿಗೆ ಕೊಟ್ಟರೆ ಔನ್ಸಿಗೆ 100 ಡಾಲರ್. ಹೆಸರಿಗೆ ತೆರಿಗೆ, ಕೆಲಸದಲ್ಲಿ ನಿಷೇಧ. ಆಗ ಈ ಕಾಯ್ದೆಯ ವಿರುದ್ಧ ಸಮಿತಿಯ ಮುಂದೆ ಸಾಕ್ಷಿ ಹೇಳಿದವರು ಅಮೆರಿಕನ್ ವೈದ್ಯಕೀಯ ಸಂಘದ ಪ್ರತಿನಿಧಿ ವಿಲಿಯಂ ವುಡ್‌ವರ್ಡ್. ವೈದ್ಯರ ಸಂಘವೇ ಬೇಡ ಎಂದರೂ ಕಾಯ್ದೆ ಪಾಸಾಯಿತು. 1969ರಲ್ಲಿ ಟಿಮೊತಿ ಲಿಯರಿ ಎಂಬ ಮನಶ್ಶಾಸ್ತ್ರಜ್ಞನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಬುಡಕ್ಕೇ ಪೆಟ್ಟು ಕೊಟ್ಟಿತು. ತೆರಿಗೆ ಕಟ್ಟಲು ಹೋದವನು ತಾನು ರಾಜ್ಯದ ಕಾನೂನು ಮುರಿದಿದ್ದೇನೆ ಎಂದು ತಾನೇ ಬರೆದುಕೊಟ್ಟ ಹಾಗಾಗುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದಿತು ಕೋರ್ಟ್.

ಅಷ್ಟು ಹೊತ್ತಿಗೆ ತೆರಿಗೆಯ ಮುಖವಾಡವೇ ಬೇಕಾಗಿರಲಿಲ್ಲ. 1930ರ ದಶಕದ ಕೊನೆಯಿಂದ ಸುಪ್ರೀಂ ಕೋರ್ಟ್ ಸಂವಿಧಾನದ ವಾಣಿಜ್ಯ ವಿಧಿಯನ್ನು ತುಂಬಾ ಅಗಲವಾಗಿ ಓದತೊಡಗಿತ್ತು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇದೆ ಎನ್ನುವುದು ಆ ವಿಧಿ. ಆ ಒಂದು ಸಾಲಿನ ಮೇಲೆ ನಿಂತು 1970ರಲ್ಲಿ ನಿಯಂತ್ರಿತ ವಸ್ತುಗಳ ಕಾಯ್ದೆ ಬಂತು. ಮಾದಕ ವಸ್ತುಗಳನ್ನು ಐದು ಶೆಡ್ಯೂಲ್‌ಗಳಾಗಿ ವಿಂಗಡಿಸಿ, ಗಾಂಜಾವನ್ನು ಹೆರಾಯಿನ್ ಜೊತೆ ಮೊದಲನೇ ಶೆಡ್ಯೂಲ್‌ಗೆ ಹಾಕಿದರು. ಕೊಕೇನ್ ಎರಡನೆಯದರಲ್ಲಿದೆ. ಮೊದಲನೇ ಶೆಡ್ಯೂಲ್ ಅಂದರೆ ದುರ್ಬಳಕೆ ಆಗುವ ಸಾಧ್ಯತೆ ಜಾಸ್ತಿ, ಚಿಕಿತ್ಸೆಯಲ್ಲಿ ಒಪ್ಪಿತ ಬಳಕೆ ಇಲ್ಲ, ವೈದ್ಯರ ನಿಗಾದಲ್ಲೂ ಸುರಕ್ಷಿತ ಅಲ್ಲ.

ಗಾಂಜಾವನ್ನು ಅಲ್ಲಿ ಹಾಕಿದ್ದು ತಾತ್ಕಾಲಿಕ ಎನ್ನುವ ಲೆಕ್ಕದಲ್ಲಿ. ಒಂದು ಆಯೋಗ ಅಧ್ಯಯನ ಮಾಡಿ ವರದಿ ಕೊಡುವ ತನಕ ಇರಲಿ ಎಂದು ಆರೋಗ್ಯ ಇಲಾಖೆ ಸೂಚಿಸಿತ್ತು. ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ರೇಮಂಡ್ ಶೇಫರ್ ಅಧ್ಯಕ್ಷತೆಯ ಆ ಆಯೋಗ 1972ರಲ್ಲಿ ವರದಿ ಕೊಟ್ಟಿತು. ಸ್ವಂತ ಬಳಕೆಗೆ ಇಟ್ಟುಕೊಂಡವರನ್ನು ಅಪರಾಧಿಗಳೆಂದು ನೋಡಬೇಡಿ ಎಂದಿತು. ಅಧ್ಯಕ್ಷ ನಿಕ್ಸನ್ ವರದಿಯನ್ನು ಒಪ್ಪಲಿಲ್ಲ. ತಾತ್ಕಾಲಿಕ ಎಂದದ್ದು ಅರ್ಧ ಶತಮಾನ ಗಟ್ಟಿಯಾಗಿ ಕೂತುಬಿಟ್ಟಿತು.

ಸರ್ಕಾರವೇ ಹಂಚಿದ ಗಾಂಜಾ

ಈ ಕತೆಯಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಔಷಧ ಗುಣವೇ ಇಲ್ಲ ಎಂದು ಹೇಳುತ್ತಲೇ ಇದೇ ಫೆಡರಲ್ ಸರ್ಕಾರ ಕೆಲವು ರೋಗಿಗಳಿಗೆ ತಾನೇ ಗಾಂಜಾ ಕಳಿಸುತ್ತಿತ್ತು.

ವಾಷಿಂಗ್ಟನ್‌ನ ರಾಬರ್ಟ್ ರ‍್ಯಾಂಡಲ್‌ಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗುವ ಕಾಯಿಲೆ. ಗಾಂಜಾ ಸೇದಿದರೆ ಒತ್ತಡ ಇಳಿಯುತ್ತದೆ ಎಂದು ಕಂಡುಕೊಂಡು ಮನೆಯಲ್ಲೇ ಗಿಡ ಬೆಳೆಸಿದರು, ಸಿಕ್ಕಿಬಿದ್ದರು. ಕಣ್ಣು ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎಂಬ ವಾದವನ್ನು 1976ರಲ್ಲಿ ಕೋರ್ಟ್ ಒಪ್ಪಿ ಬಿಡುಗಡೆ ಮಾಡಿತು. ಆಮೇಲೆ ಫೆಡರಲ್ ಸರ್ಕಾರವೇ ಸಂಶೋಧನೆಯ ಹೆಸರಿನಲ್ಲಿ ಒಂದು ಯೋಜನೆ ಮಾಡಿ ಅವರಿಗೆ ಗಾಂಜಾ ಸಿಗರೇಟು ಪೂರೈಸತೊಡಗಿತು. ಗಿಡ ಬೆಳೆಯುತ್ತಿದ್ದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಜಮೀನಿನಲ್ಲಿ, ಸರ್ಕಾರದ ಗುತ್ತಿಗೆಯಲ್ಲಿ. ಡಬ್ಬದಲ್ಲಿ ತುಂಬಿ ಕಳಿಸುತ್ತಿದ್ದರು. ಏಡ್ಸ್ ರೋಗಿಗಳ ಅರ್ಜಿ ಹೆಚ್ಚಿದಾಗ 1992ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿದರು. ಒಳಗಿದ್ದ ಬೆರಳೆಣಿಕೆಯ ಜನರಿಗೆ ಮಾತ್ರ ಡಬ್ಬ ಬರುವುದು ನಿಲ್ಲಲಿಲ್ಲ.

ಇನ್ನೊಂದು ಕಡೆ, ಗಾಂಜಾವನ್ನು ಮೊದಲನೇ ಶೆಡ್ಯೂಲ್‌ನಿಂದ ಇಳಿಸಿ ಎಂದು 1972ರಲ್ಲೇ ಒಂದು ಅರ್ಜಿ ಹೋಗಿತ್ತು. ಅದರ ವಿಚಾರಣೆ ಹದಿನಾರು ವರ್ಷ ಎಳೆಯಿತು. 1988ರಲ್ಲಿ ಡಿಇಎಯ ಸ್ವಂತ ಆಡಳಿತ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್ ಎಲ್ಲ ಸಾಕ್ಷ್ಯ ನೋಡಿ, ಇದನ್ನು ಎರಡನೇ ಶೆಡ್ಯೂಲ್‌ಗೆ ಇಳಿಸಬಹುದು ಎಂದು ಶಿಫಾರಸು ಮಾಡಿದರು. ಮರುವರ್ಷ ಡಿಇಎ ಮುಖ್ಯಸ್ಥರು ಶಿಫಾರಸನ್ನು ತಳ್ಳಿಹಾಕಿದರು. 1994ರಲ್ಲಿ ಮೇಲ್ಮನವಿ ಕೋರ್ಟ್ ಡಿಇಎ ಪರವಾಗಿ ನಿಂತಿತು. ಒಪ್ಪಿತ ಬಳಕೆ ಇದೆ ಎನ್ನಲು ದೊಡ್ಡ ಪ್ರಮಾಣದ, ಕಟ್ಟುನಿಟ್ಟಿನ ಪ್ರಯೋಗಗಳ ಫಲಿತಾಂಶ ಬೇಕು ಎನ್ನುವುದು ಡಿಇಎ ವಾದ. ಮೊದಲನೇ ಶೆಡ್ಯೂಲ್‌ನಲ್ಲಿ ಇರುವ ವಸ್ತುವಿನ ಮೇಲೆ ಅಂಥ ಪ್ರಯೋಗ ನಡೆಸಲು ಅನುಮತಿ ಸಿಗುವುದು ಮಹಾ ಕಷ್ಟ. ಪ್ರಯೋಗ ಇಲ್ಲದ್ದಕ್ಕೆ ಶೆಡ್ಯೂಲ್ ಬದಲಾಗಲ್ಲ, ಶೆಡ್ಯೂಲ್ ಬದಲಾಗದ್ದಕ್ಕೆ ಪ್ರಯೋಗ ನಡೆಯಲ್ಲ. ಇದನ್ನು ವಿಜ್ಞಾನದ ತೀರ್ಮಾನ ಎಂದು ಕರೆಯುವುದು ಸ್ವಲ್ಪ ಧಾರಾಳವೇ ಆಯಿತು.

1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಈ ಸುತ್ತಾಟ ಮುಗಿಯಲಿ ಎಂದು ಕಾದು ಕೂರದೆ, ಪ್ರಸ್ತಾವ 215 ಎಂಬ ಕಾನೂನನ್ನು ಪಾಸು ಮಾಡಿದರು. ವೈದ್ಯರ ಸಲಹೆ ಇದ್ದರೆ ರೋಗಿ ಗಾಂಜಾ ಬೆಳೆಯಬಹುದು, ಬಳಸಬಹುದು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು. ಫೆಡರಲ್ ಸರ್ಕಾರ ಮೊದಲು ಹೆದರಿಸಲು ಹೊರಟದ್ದು ವೈದ್ಯರನ್ನು. ಗಾಂಜಾ ಸಲಹೆ ಕೊಟ್ಟರೆ ಔಷಧ ಬರೆಯುವ ಫೆಡರಲ್ ನೋಂದಣಿಯನ್ನೇ ಕಿತ್ತುಕೊಳ್ಳುತ್ತೇವೆ ಎಂದಿತು. ಒಂಬತ್ತನೇ ಸರ್ಕ್ಯೂಟ್‌ನ (ಸರ್ಕ್ಯೂಟ್ ಅಂದರೆ ಕೆಲವು ರಾಜ್ಯಗಳನ್ನು ಸೇರಿಸಿದ ಫೆಡರಲ್ ಕೋರ್ಟಿನ ವಲಯ) ಮೇಲ್ಮನವಿ ಕೋರ್ಟ್ 2002ರಲ್ಲಿ ಇದಕ್ಕೆ ತಡೆ ಹಾಕಿತು. ವೈದ್ಯ ರೋಗಿಗೆ ಹೇಳುವ ಮಾತು ವಾಕ್ ಸ್ವಾತಂತ್ರ್ಯದ ರಕ್ಷಣೆಯಲ್ಲಿದೆ ಎಂದಿತು. ಅದಕ್ಕೇ ಇವತ್ತಿಗೂ ಅಲ್ಲಿನ ವೈದ್ಯರು ಗಾಂಜಾವನ್ನು ಚೀಟಿಯಲ್ಲಿ ಬರೆದು ಕೊಡುವುದಿಲ್ಲ, ಬರೀ ಶಿಫಾರಸು ಮಾಡುತ್ತಾರೆ. ಕಾನೂನಿನಲ್ಲಿ ಇವೆರಡರ ನಡುವೆ ಭೂಮಿ ಆಕಾಶದ ಅಂತರ.

ಮಾರಾಟದ ಕಡೆಗೆ ಬಂದರೆ ರೋಗಿಗಳಿಗೆ ಸೋಲೇ ಆಯಿತು. ಓಕ್‌ಲೆಂಡ್‌ನ ಗಾಂಜಾ ಸಹಕಾರ ಸಂಘದ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್, ವೈದ್ಯಕೀಯ ಅನಿವಾರ್ಯತೆ ಎಂಬ ವಿನಾಯಿತಿ 1970ರ ಕಾಯ್ದೆಯಲ್ಲಿ ಇಲ್ಲ ಎಂದಿತು. ತೀರ್ಪು ಬರೆದವರು ಕ್ಲಾರೆನ್ಸ್ ಥಾಮಸ್. ಈ ಹೆಸರು ಮತ್ತೆ ಬರುತ್ತದೆ.

ಗೋಧಿ ಬೆಳೆದ ರೈತನ ನೆರಳು

ಗಿಡ ಕಳೆದುಕೊಂಡ ಮಾನ್ಸನ್, ಓಕ್‌ಲೆಂಡ್‌ನ ಏಂಜೆಲ್ ರೈಚ್ ಜೊತೆ ಸೇರಿ ಕೇಸು ಹಾಕಿದರು. ರೈಚ್ ಅವರ ಕಾಯಿಲೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಲಾಗದ ಮೆದುಳಿನ ಗೆಡ್ಡೆಯೂ ಒಂದು. ಗಾಂಜಾ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಅವರ ವೈದ್ಯರು ಹೇಳಿಕೆ ಕೊಟ್ಟಿದ್ದರು. ಗಿಡ ಬೆಳೆಸಲೂ ಅವರಿಂದ ಆಗುತ್ತಿರಲಿಲ್ಲ. ಇಬ್ಬರು ಆರೈಕೆದಾರರು ಬೆಳೆದು ಪುಕ್ಕಟೆ ಕೊಡುತ್ತಿದ್ದರು. ಅವರು ಬಳಸಿದ ಮಣ್ಣು, ನೀರು, ಗೊಬ್ಬರ, ಸಲಕರಣೆ, ಮರದ ಹಲಗೆ ಕೂಡ ಕ್ಯಾಲಿಫೋರ್ನಿಯಾದ್ದೇ ಎಂದು ಕೋರ್ಟಿಗೆ ತಿಳಿಸಲಾಗಿತ್ತು. ಹಲಗೆಯ ತನಕ ಹೋಗಬೇಕಾಗಿತ್ತಾ ಎಂದು ಅನ್ನಿಸಬಹುದು. ಆದರೆ ಇಡೀ ವಾದ ನಿಂತಿದ್ದದ್ದೇ ಅದರ ಮೇಲೆ. ಇಲ್ಲಿ ವ್ಯಾಪಾರವೂ ಇಲ್ಲ, ಅಂತರರಾಜ್ಯ ಎನ್ನುವುದೂ ಇಲ್ಲ. ಹಾಗಾದರೆ ಅಂತರರಾಜ್ಯ ವ್ಯಾಪಾರ ನಿಯಂತ್ರಿಸುವ ಅಧಿಕಾರ ಇಲ್ಲಿಗೆ ಹೇಗೆ ತಲುಪೀತು?

ಕೇಸು ಗೆಲ್ಲುವ ಭರವಸೆಗೆ ಕಾರಣ ಇತ್ತು. 1995ರಲ್ಲಿ ಶಾಲೆಯ ಬಳಿ ಬಂದೂಕು ಇಟ್ಟುಕೊಳ್ಳುವುದನ್ನು ಅಪರಾಧ ಮಾಡಿದ ಫೆಡರಲ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. 2000ರಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಒಂದು ಭಾಗ ಬಿದ್ದಿತ್ತು. ಎರಡಕ್ಕೂ ಕಾರಣ ಒಂದೇ: ಇದು ವ್ಯಾಪಾರ ಅಲ್ಲ, ನಿಮಗೆ ಅಧಿಕಾರ ಇಲ್ಲ.

ಆದರೆ ಎದುರಿಗೆ 1942ರ ಒಂದು ತೀರ್ಪು ಅಡ್ಡ ಕೂತಿತ್ತು. ಒಹಾಯೊದ ರೈತ ರಾಸ್ಕೋ ಫಿಲ್‌ಬರ್ನ್‌ಗೆ ಗೋಧಿ ಬಿತ್ತಲು ಸರ್ಕಾರ 11.1 ಎಕರೆ ಮಿತಿ ಹಾಕಿತ್ತು. ಆತ 23 ಎಕರೆ ಬಿತ್ತಿದ. ಹೆಚ್ಚುವರಿಯಾಗಿ ಬಂದದ್ದು 239 ಬುಷೆಲ್ (ಧಾನ್ಯ ಅಳೆಯುವ ಒಂದು ಅಳತೆ). 117 ಡಾಲರ್ 11 ಸೆಂಟ್ ದಂಡ ಬಿತ್ತು. ಇದು ನನ್ನ ದನಕರುಗಳಿಗೆ, ನನ್ನ ಮನೆಯ ಊಟಕ್ಕೆ ಎಂದು ಆತ ವಾದಿಸಿದ. ನೀನು ಮನೆಯಲ್ಲೇ ಬೆಳೆದುಕೊಂಡರೆ ಮಾರುಕಟ್ಟೆಯಲ್ಲಿ ಕೊಳ್ಳುವುದಿಲ್ಲ, ನಿನ್ನ ಹಾಗೆ ಎಲ್ಲರೂ ಮಾಡಿದರೆ ದೇಶದ ಗೋಧಿ ಬೆಲೆಯೇ ಅಲ್ಲಾಡುತ್ತದೆ ಎಂದಿತು ಕೋರ್ಟ್. ಒಬ್ಬನ ಲೆಕ್ಕ ಅಲ್ಲ, ಅಂಥವರೆಲ್ಲರ ಒಟ್ಟು ಲೆಕ್ಕ ನೋಡಬೇಕು. ಅಲ್ಲಿಂದಾಚೆ ಈ ಒಟ್ಟು ಲೆಕ್ಕದ ಕೈಗೆ ಸಿಗದೆ ತಪ್ಪಿಸಿಕೊಂಡದ್ದು ಬಹಳ ಕಮ್ಮಿ.

2005ರ ಜೂನ್ 6ರಂದು ತೀರ್ಪು ಬಂತು. 6-3ರಿಂದ ಸರ್ಕಾರ ಗೆದ್ದಿತು. ಬಹುಮತದ ತೀರ್ಪು ಬರೆದ ಜಾನ್ ಪಾಲ್ ಸ್ಟೀವನ್ಸ್ ಫಿಲ್‌ಬರ್ನ್‌ನ ಗೋಧಿಯನ್ನೇ ಹಿಡಿದುಕೊಂಡರು. ಗಾಂಜಾಕ್ಕೂ ದೊಡ್ಡ ಮಾರುಕಟ್ಟೆ ಇದೆ. ಅದು ಕಳ್ಳ ಮಾರುಕಟ್ಟೆ ಎಂದ ಮಾತ್ರಕ್ಕೆ ಮಾರುಕಟ್ಟೆ ಅಲ್ಲ ಎನ್ನಲಾಗದು. ಮನೆಯಲ್ಲಿ ಬೆಳೆದ ಗಾಂಜಾಕ್ಕೂ ಬೀದಿಯ ಗಾಂಜಾಕ್ಕೂ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರೋಗಿಗಳಿಗೆ ಎಂದು ಬೆಳೆದದ್ದು ಹೊರಗೆ ಸೋರುತ್ತದೆ. ಇಡೀ ದೇಶಕ್ಕೆ ಒಂದೇ ಬಿಗಿ ನಿಷೇಧ ಇರುವಾಗ ಅದರಲ್ಲಿ ತೂತು ಬಿಡಬೇಕಿಲ್ಲ ಎಂದು ಕಾಂಗ್ರೆಸ್ ಅಂದುಕೊಂಡದ್ದಕ್ಕೆ ಆಧಾರ ಇದೆ. ಅಧಿಕಾರ ಇದೆ ಎನ್ನಲು ಅಷ್ಟು ಸಾಕು.

ಈ ತೀರ್ಪಿನಲ್ಲಿ ಯಾರು ಯಾವ ಕಡೆ ಕೂತರು ಎಂದು ನೋಡಿದರೆ ಮಜಾ ಇದೆ. ರಾಜ್ಯಗಳ ಹಕ್ಕಿನ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದ ಆಂಟನಿನ್ ಸ್ಕಾಲಿಯಾ ಸರ್ಕಾರದ ಕಡೆ ಹೋದರು, ಬೇರೆ ಕಾರಣ ಕೊಟ್ಟು. ಅಲಬಾಮಾ, ಲೂಸಿಯಾನಾ, ಮಿಸಿಸಿಪ್ಪಿ ರಾಜ್ಯಗಳು ಗಾಂಜಾ ಕಂಡರಾಗದವು. ಆದರೂ ಅವು ರೋಗಿಗಳ ಪರವಾಗಿ ಕೋರ್ಟಿಗೆ ಲಿಖಿತ ವಾದ ಸಲ್ಲಿಸಿದವು. ಗಾಂಜಾ ಬೇಡ ಎನ್ನುವುದು ನಮ್ಮ ತೀರ್ಮಾನ ಆಗಿರಬೇಕು, ವಾಷಿಂಗ್ಟನ್‌ದಲ್ಲ ಎನ್ನುವುದು ಅವುಗಳ ನಿಲುವು. ಭಿನ್ನ ತೀರ್ಪು ಬರೆದ ಸಾಂಡ್ರಾ ಡೇ ಓಕಾನರ್, ತಾನು ಕ್ಯಾಲಿಫೋರ್ನಿಯಾದ ಮತದಾರಳಾಗಿದ್ದರೆ ಆ ಪ್ರಸ್ತಾವಕ್ಕೆ ಮತ ಹಾಕುತ್ತಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಆದರೂ ಪ್ರಯೋಗ ಮಾಡುವ ಹಕ್ಕು ಆ ರಾಜ್ಯಕ್ಕೆ ಇದೆ ಎಂದರು. ಇತ್ತ ಸರ್ಕಾರವನ್ನು ಗೆಲ್ಲಿಸಿದ ಸ್ಟೀವನ್ಸ್, ತೀರ್ಪಿನ ನಂತರದ ಒಂದು ಭಾಷಣದಲ್ಲಿ, ಕಾನೂನು ಹಾಗೆ ಹೇಳುತ್ತದೆ ಎಂದು ಹಾಗೆ ಬರೆದೆ, ನೀತಿಯಾಗಿ ಅದು ನನಗೆ ಒಪ್ಪಿಗೆ ಇರಲಿಲ್ಲ ಎನ್ನುವ ಅರ್ಥದ ಮಾತಾಡಿದರು. ಗಾಂಜಾ ಬೇಡ ಎನ್ನುವವರು ರೋಗಿಗಳ ಪರ, ನಿಷೇಧ ಸರಿಯಿಲ್ಲ ಎನ್ನುವವರು ಸರ್ಕಾರದ ಪರ! ಅಧಿಕಾರ ಯಾರದ್ದು ಎನ್ನುವ ಪ್ರಶ್ನೆ ಬೇರೆ, ಯಾವುದು ಒಳ್ಳೆಯದು ಎನ್ನುವ ಪ್ರಶ್ನೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಥಾಮಸ್ ಅವರದು ಎಲ್ಲರಿಗಿಂತ ಖಾರ. ಮಾರದ, ಕೊಳ್ಳದ, ಗಡಿ ದಾಟದ ಗಾಂಜಾವನ್ನು ಕಾಂಗ್ರೆಸ್ ನಿಯಂತ್ರಿಸಬಹುದಾದರೆ ಏನನ್ನು ಬೇಕಾದರೂ ನಿಯಂತ್ರಿಸಬಹುದು, ಇನ್ನು ಮಹಿಳೆಯರ ಕೌದಿ ಹೊಲಿಯುವ ಕೂಟಗಳೂ ಬಾಕಿ ಉಳಿಯಲ್ಲ ಎಂದು ಚುಚ್ಚಿದರು. 2001ರಲ್ಲಿ ರೋಗಿಗಳ ವಿರುದ್ಧ ಬರೆದ ಅದೇ ಥಾಮಸ್! ಇದರಲ್ಲಿ ವಿರೋಧಾಭಾಸ ಏನೂ ಇಲ್ಲ. ಅವತ್ತಿನ ಪ್ರಶ್ನೆ ಕಾಯ್ದೆಯಲ್ಲಿ ವಿನಾಯಿತಿ ಇದೆಯಾ ಎಂದು. 2005ರದು ಕಾಯ್ದೆ ಮಾಡಲು ಅಧಿಕಾರವೇ ಇತ್ತಾ ಎಂದು.

ನೋವು ತಡೆಯಲು ಬೇಕಾದ ಔಷಧ ಬಳಸುವುದು ಮೂಲಭೂತ ಹಕ್ಕಲ್ಲವೇ ಎಂದು ರೈಚ್ ಇನ್ನೊಂದು ದಾರಿ ಹಿಡಿದರು. 2007ರಲ್ಲಿ ಒಂಬತ್ತನೇ ಸರ್ಕ್ಯೂಟ್ ಅದನ್ನೂ ತಿರಸ್ಕರಿಸಿತು. ಅಂಥ ಹಕ್ಕು ಇನ್ನೂ ಹುಟ್ಟಿಲ್ಲ, ಮುಂದೆ ಹುಟ್ಟಬಹುದು ಎನ್ನುವ ಧಾಟಿಯಲ್ಲಿ. ರೋಗಿಗೆ ಆ ಸಮಾಧಾನದಿಂದ ಏನೂ ಆಗಬೇಕಾದ್ದಿಲ್ಲ.

ಗೆದ್ದರೂ ಕೈಗೆ ಸಿಗದ ಗೆಲುವು

ಕಾಗದದ ಮೇಲೆ ಫೆಡರಲ್ ಸರ್ಕಾರಕ್ಕೆ ಪೂರ್ತಿ ಜಯ. ಆದರೂ ಇವತ್ತು ಸುಮಾರು 40 ರಾಜ್ಯಗಳಲ್ಲಿ ವೈದ್ಯಕೀಯ ಗಾಂಜಾ ಕಾನೂನುಬದ್ಧ. ಇದು ಹೇಗೆ?

2005ರ ತೀರ್ಪು ಕ್ಯಾಲಿಫೋರ್ನಿಯಾದ ಕಾನೂನನ್ನು ರದ್ದು ಮಾಡಲಿಲ್ಲ. ಗಾಂಜಾ ಬೆಳೆಯುವುದು ಫೆಡರಲ್ ಅಪರಾಧ ಆಗಿಯೇ ಉಳಿಯುತ್ತದೆ ಎಂದಿತು, ಅಷ್ಟೇ. ರಾಜ್ಯವೂ ಅದನ್ನು ಅಪರಾಧ ಮಾಡಬೇಕು ಎಂದು ಹೇಳುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ. ರಾಜ್ಯದ ಶಾಸಕಾಂಗಕ್ಕೋ ಪೊಲೀಸರಿಗೋ ಫೆಡರಲ್ ಸರ್ಕಾರ ಅಪ್ಪಣೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1992, 1997 ಮತ್ತು 2018ರ ತೀರ್ಪುಗಳಲ್ಲಿ ಹೇಳಿದೆ. 1997ರದ್ದು ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಲು ಶೆರಿಫ್‌ಗಳನ್ನು ಬಳಸಿಕೊಂಡ ಪ್ರಕರಣ. ಅದನ್ನು ಗೆದ್ದಾಗ ಸಂಭ್ರಮಿಸಿದ್ದು ಬಂದೂಕಿನ ಪರ ಇದ್ದವರು. ಅದೇ ತತ್ವದ ಆಸರೆಯಲ್ಲಿ ಇವತ್ತು ಗಾಂಜಾ ಅಂಗಡಿಗಳು ನಿಂತಿವೆ.

ಅಮೆರಿಕದಲ್ಲಿ ಗಾಂಜಾ ಪ್ರಕರಣಗಳಲ್ಲಿ ಬಂಧನ ಮಾಡುವವರು ಹೆಚ್ಚುಕಮ್ಮಿ ಎಲ್ಲರೂ ರಾಜ್ಯದ, ಸ್ಥಳೀಯ ಪೊಲೀಸರೇ. ಅವರು ಕೈಕಟ್ಟಿ ಕೂತರೆ ಡಿಇಎಯ ಕೆಲವು ಸಾವಿರ ಏಜೆಂಟರಿಂದ ಮನೆಮನೆಯ ಗಿಡ ಕೀಳುವುದು ಆಗದ ಮಾತು. ಈ ವಾಸ್ತವವನ್ನು ಒಪ್ಪಿಕೊಂಡೇ ಒಬಾಮಾ ಆಡಳಿತ 2013ರಲ್ಲಿ ಒಂದು ಸುತ್ತೋಲೆ ಹೊರಡಿಸಿತು. ರಾಜ್ಯಗಳು ಗಟ್ಟಿ ನಿಯಂತ್ರಣ ಇಟ್ಟರೆ ನಾವು ಅಡ್ಡ ಬರುವುದಿಲ್ಲ ಎಂದಿತು. 2018ರ ಜನವರಿಯಲ್ಲಿ ಟ್ರಂಪ್ ಆಡಳಿತದ ನ್ಯಾಯ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಅದನ್ನು ಹಿಂತೆಗೆದುಕೊಂಡರು. ಸುತ್ತೋಲೆಯ ಆಯಸ್ಸು ಅಷ್ಟೇ ಅಲ್ವಾ? ಕುರ್ಚಿಯಲ್ಲಿ ಕೂತವರು ಬದಲಾದರೆ ಅದೂ ಬದಲಾಗುತ್ತದೆ.

ಅದಕ್ಕಿಂತ ಗಟ್ಟಿಯಾದದ್ದು 2014ರ ಡಿಸೆಂಬರ್‌ನಲ್ಲಿ ಬಂತು. ರಿಪಬ್ಲಿಕನ್ ಡೇನಾ ರೋರಬಾಕರ್ ಮತ್ತು ಡೆಮಾಕ್ರಾಟ್ ಸ್ಯಾಮ್ ಫಾರ್ ಎಂಬ ಇಬ್ಬರು ಸಂಸದರು ಸೇರಿ ಬಜೆಟ್ ಕಾಯ್ದೆಗೆ ಒಂದು ಷರತ್ತು ಅಂಟಿಸಿದರು. ರಾಜ್ಯಗಳು ತಮ್ಮ ವೈದ್ಯಕೀಯ ಗಾಂಜಾ ಕಾನೂನು ಜಾರಿ ಮಾಡುವುದನ್ನು ತಡೆಯಲು ನ್ಯಾಯ ಇಲಾಖೆ ಈ ಹಣದಲ್ಲಿ ಒಂದು ಪೈಸೆ ಖರ್ಚು ಮಾಡುವಂತಿಲ್ಲ. ನಿಷೇಧವನ್ನು ಮುಟ್ಟಲಿಲ್ಲ. ನಿಷೇಧ ಜಾರಿ ಮಾಡುವ ದುಡ್ಡನ್ನು ಮುಟ್ಟಿದರು. 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ಇದಕ್ಕೆ ಹಲ್ಲು ಕೊಟ್ಟಿತು. ರಾಜ್ಯದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರ ಮೇಲೆ ಕೇಸು ನಡೆಸುವಂತಿಲ್ಲ ಎಂದಿತು. 2022ರಲ್ಲಿ ಮೇಯ್ನ್ ರಾಜ್ಯದ ಒಂದು ಪ್ರಕರಣದಲ್ಲಿ ಮೊದಲನೇ ಸರ್ಕ್ಯೂಟ್, ಸಣ್ಣಪುಟ್ಟ ಲೋಪ ಇದ್ದ ಮಾತ್ರಕ್ಕೆ ರಕ್ಷಣೆ ಹೋಗಲ್ಲ ಎಂದು ಇನ್ನಷ್ಟು ಸಡಿಲ ಮಾಡಿತು.

ಆದರೆ ಆ 2016ರ ತೀರ್ಪಿನಲ್ಲೇ ಒಂದು ಎಚ್ಚರಿಕೆ ಇದೆ. ಕಾಂಗ್ರೆಸ್ ನಾಳೆಯೇ ಹಣ ಬಿಡುಗಡೆ ಮಾಡಬಹುದು. ಹಾಗಾದರೆ ಷರತ್ತು ಇದ್ದಾಗ ನಡೆದ ಕೃತ್ಯಕ್ಕೂ ಕೇಸು ಹಾಕಬಹುದು. ಇಂಥ ಅಪರಾಧಗಳ ಕಾಲಮಿತಿ ಐದು ವರ್ಷ. ಅಂದರೆ ಇವತ್ತು ನಿಶ್ಚಿಂತೆಯಿಂದ ಗಿಡ ಬೆಳೆಸಿದ ರೋಗಿ ಐದು ವರ್ಷದ ತನಕ ಪೂರ್ತಿ ನಿಶ್ಚಿಂತ ಅಲ್ಲ. ಈ ಷರತ್ತು ಬಜೆಟ್ಟಿನ ಜೊತೆ ಮತ್ತೆ ಮತ್ತೆ ನವೀಕರಣ ಆಗಬೇಕು. ಒಂದು ಸಲ ಬಿಟ್ಟುಹೋದರೂ ರಕ್ಷಣೆ ಹೋಯಿತು.

ಈ ಅರ್ಧಂಬರ್ಧ ಸ್ಥಿತಿಯ ಹೊಡೆತ ಬೀಳುವುದು ದಿನನಿತ್ಯದ ಬದುಕಿನಲ್ಲಿ. 1981ರಲ್ಲಿ ಒಬ್ಬ ಮಾದಕವಸ್ತು ಮಾರುವವನು ತನ್ನ ಧಂದೆಯ ಖರ್ಚುಗಳನ್ನು ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಲು ತೆರಿಗೆ ಕೋರ್ಟಿನಲ್ಲಿ ಗೆದ್ದ. ಮರುವರ್ಷ ಕಾಂಗ್ರೆಸ್ ಸಿಟ್ಟಿನಿಂದ 280ಇ ಎಂಬ ಸೆಕ್ಷನ್ ತಂದು ಆ ದಾರಿ ಮುಚ್ಚಿತು. ರಾಜ್ಯದ ಲೈಸೆನ್ಸ್ ಪಡೆದು, ಸೈನ್‌ಬೋರ್ಡ್ ಹಾಕಿ ನಡೆಸುವ ಔಷಧ ಗಾಂಜಾ ಅಂಗಡಿಗೂ ಅದು ಬಂದು ಬಡಿಯಿತು. ಅಂಗಡಿ ಬಾಡಿಗೆ, ಸಂಬಳ ಏನನ್ನೂ ಕಳೆಯುವಂತಿಲ್ಲ. ಬ್ಯಾಂಕುಗಳು ಹತ್ತಿರ ಸೇರಿಸಲು ಹೆದರುತ್ತವೆ. ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ ಅರ್ಜಿಯಲ್ಲಿ, ನಿಮ್ಮ ರಾಜ್ಯದಲ್ಲಿ ಔಷಧವಾಗಿ ಗಾಂಜಾ ಕಾನೂನುಬದ್ಧ ಆಗಿದ್ದರೂ ಫೆಡರಲ್ ಕಾನೂನಿನಲ್ಲಿ ಅದು ಅಕ್ರಮ ಎಂಬ ಎಚ್ಚರಿಕೆ ಅಚ್ಚಾಗಿತ್ತು. ಕೆಲಸದ ವಿಷಯವೂ ಹಾಗೇ. ಕೊಲರಾಡೊದಲ್ಲಿ ಕೈಕಾಲು ಸ್ವಾಧೀನ ಇಲ್ಲದ ಒಬ್ಬ ಉದ್ಯೋಗಿ ಮನೆಯಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ, ಲೈಸೆನ್ಸ್ ಇಟ್ಟುಕೊಂಡೇ ಗಾಂಜಾ ಬಳಸಿದ್ದಕ್ಕೆ ಕೆಲಸ ಕಳೆದುಕೊಂಡ. ಫೆಡರಲ್ ಕಾನೂನಿನಲ್ಲೂ ಸರಿ ಇದ್ದರೆ ಮಾತ್ರ ಅದು ಕಾನೂನುಬದ್ಧ ನಡವಳಿಕೆ ಎಂದು 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಹೇಳಿತು.

ತೀರ್ಪಿನ ತಳ ಇನ್ನೂ ಗಟ್ಟಿ ಇದೆಯಾ?

2021ರಲ್ಲಿ ಕೊಲರಾಡೊದ ಒಂದು ಗಾಂಜಾ ಅಂಗಡಿ ಈ 280ಇ ವಿಚಾರವನ್ನೇ ಸುಪ್ರೀಂ ಕೋರ್ಟಿಗೆ ಒಯ್ದಿತು. ಕೋರ್ಟ್ ಮೇಲ್ಮನವಿ ಎತ್ತಿಕೊಳ್ಳಲಿಲ್ಲ. ಆದರೆ ಥಾಮಸ್ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಬರೆದರು. 2005ರಲ್ಲಿ ನಾವು ಒಪ್ಪಿದ್ದು ಇಡೀ ದೇಶಕ್ಕೆ ಒಂದೇ ಬಿಗಿ ನಿಷೇಧ ಇದೆ ಎಂಬ ಆಧಾರದ ಮೇಲೆ. ಈಗ ಅದು ಉಳಿದಿಲ್ಲ. ಸರ್ಕಾರವೇ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದೆ. ಹಾಗಾದ ಮೇಲೆ ರಾಜ್ಯದೊಳಗಿನ ಗಾಂಜಾ ನಿಷೇಧಿಸುವ ಅಧಿಕಾರಕ್ಕೆ ಆಧಾರ ಏನು ಎಂಬುದು ಅವರ ಪ್ರಶ್ನೆ.

ವಾದ ಚೆಂದ ಇದೆ. ಇದನ್ನೇ ಹಿಡಿದು ಮ್ಯಾಸಚೂಸೆಟ್ಸ್‌ನ ಕೆಲವು ಗಾಂಜಾ ಕಂಪನಿಗಳು, ಹೆಸರಾಂತ ವಕೀಲ ಡೇವಿಡ್ ಬಾಯ್ಸ್ ಅವರನ್ನು ಇಟ್ಟುಕೊಂಡು ಕೇಸು ಹಾಕಿದವು. 2025ರಲ್ಲಿ ಮೊದಲನೇ ಸರ್ಕ್ಯೂಟ್ ತಿರಸ್ಕರಿಸಿತು. ಬಜೆಟ್ ಷರತ್ತು ವೈದ್ಯಕೀಯ ಗಾಂಜಾಕ್ಕೆ ಮಾತ್ರ, ಉಳಿದದ್ದಕ್ಕೆ 1970ರ ಕಾಯ್ದೆ ಹಾಗೇ ಇದೆ ಎನ್ನುವುದು ಅದರ ನೋಟ.

ನನಗೆ ಥಾಮಸ್ ವಾದದಲ್ಲಿ ಒಂದು ತೊಡಕು ಕಾಣುತ್ತದೆ. ಅಧಿಕಾರ ಇದ್ದೂ ಚಲಾಯಿಸದೆ ಇರುವುದು ಒಂದು, ಅಧಿಕಾರವೇ ಇಲ್ಲದಿರುವುದು ಇನ್ನೊಂದು. ಫಿಲ್‌ಬರ್ನ್ ಕಾಲದಲ್ಲೂ ಸರ್ಕಾರ ಸಣ್ಣ ರೈತರಿಗೆ ವಿನಾಯಿತಿ ಕೊಟ್ಟಿತ್ತು. ಅದರಿಂದ ಉಳಿದವರ ಮೇಲಿನ ಅಧಿಕಾರ ಹೋಗಲಿಲ್ಲ. ಸ್ವಲ್ಪ ಮೆತ್ತಗಾದ ತಕ್ಷಣ ಅಧಿಕಾರವೇ ಕೈತಪ್ಪುತ್ತದೆ ಎಂದಾದರೆ ಯಾವ ಕಾಂಗ್ರೆಸ್ ತಾನೇ ಮೆತ್ತಗಾದೀತು? 2005ರ ತೀರ್ಪಿನ ದೋಷ ಇರುವುದು ಬೇರೆ ಕಡೆ. ರೋಗಿಗಳ ಗಿಡ ಹೊರಗೆ ಸೋರಿ ಮಾರುಕಟ್ಟೆ ಕೆಡಿಸುತ್ತದೆ ಎನ್ನುವುದಕ್ಕೆ ಕೋರ್ಟ್ ಪುರಾವೆ ಕೇಳಲಿಲ್ಲ. ಕಾಂಗ್ರೆಸ್ ಹಾಗೆ ಅಂದುಕೊಳ್ಳಲು ಒಂದು ಸಕಾರಣ ಇದ್ದರೆ ಸಾಕು ಎಂದಿತು. ಓಕಾನರ್ ಆಗಲೇ ಇದನ್ನು ಎತ್ತಿ ತೋರಿಸಿದ್ದರು. ಪುರಾವೆಯೇ ಬೇಡದ ಕಡೆ ಮಿತಿ ಎನ್ನುವುದು ಸುಮ್ನೆ ಹೆಸರಿಗೆ. ಆದರೆ ಅದನ್ನು ಸರಿ ಮಾಡಲು ಹೋದರೆ ಫಿಲ್‌ಬರ್ನ್ ತನಕ ಅಗೆಯಬೇಕಾಗುತ್ತದೆ. ಕಾರ್ಮಿಕ ಕಾನೂನು, ಪರಿಸರ ಕಾನೂನು ಎಲ್ಲವೂ ಅದೇ ನೆಲದ ಮೇಲೆ ನಿಂತಿವೆ. ಗಾಂಜಾಕ್ಕಾಗಿ ಅಷ್ಟು ಆಳ ಅಗೆಯಲು ಕೋರ್ಟ್ ಕೈಹಾಕುತ್ತದೆ ಎಂದು ನಾನಂತೂ ನಂಬುವುದಿಲ್ಲ.

ಹಾಗಾಗಿ ಈಗ ಎಲ್ಲರ ಕಣ್ಣು ಶೆಡ್ಯೂಲ್ ಬದಲಾವಣೆಯ ಮೇಲೆ. 2022ರ ಅಕ್ಟೋಬರ್‌ನಲ್ಲಿ ಬೈಡನ್ ಮರುಪರಿಶೀಲನೆಗೆ ಹೇಳಿದರು. 2023ರಲ್ಲಿ ಆರೋಗ್ಯ ಇಲಾಖೆ ಮೂರನೇ ಶೆಡ್ಯೂಲ್‌ಗೆ ಇಳಿಸಿ ಎಂದಿತು. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಕರಡು ನಿಯಮ ಪ್ರಕಟಿಸಿತು. 2025ರ ಡಿಸೆಂಬರ್ 18ರಂದು ಟ್ರಂಪ್ ಇದನ್ನು ಬೇಗ ಮುಗಿಸಿ ಎಂದು ಆದೇಶ ಹೊರಡಿಸಿದರು. ಗಾಂಜಾ ವಿಷಯದಲ್ಲಿ ಬೈಡನ್ ಮತ್ತು ಟ್ರಂಪ್ ಒಂದೇ ದಿಕ್ಕಿಗೆ ಮುಖ ಮಾಡಿದ್ದು ಸಣ್ಣ ಮಾತಲ್ಲ.

ಈ ಪ್ರಕ್ರಿಯೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆರೋಗ್ಯ ಇಲಾಖೆ ಬಳಸಿದ ಅಳತೆಗೋಲು. ಒಪ್ಪಿತ ಬಳಕೆ ಇದೆಯಾ ಎಂದು ನೋಡಲು ಡಿಇಎಯ ಹಳೇ ಷರತ್ತುಗಳನ್ನು ಅದು ಬದಿಗಿಟ್ಟಿತ್ತು. ಬದಲಿಗೆ, ರಾಜ್ಯಗಳ ಕಾನೂನಿನಡಿ ಎಷ್ಟು ವೈದ್ಯರು ಇದನ್ನು ಚಿಕಿತ್ಸೆಗೆ ನಿಜಕ್ಕೂ ಬಳಸುತ್ತಿದ್ದಾರೆ ಎಂದು ಲೆಕ್ಕ ಹಾಕಿತು. 43 ಆಡಳಿತ ಪ್ರದೇಶಗಳಲ್ಲಿ 30,000ಕ್ಕೂ ಹೆಚ್ಚು ವೈದ್ಯಕೀಯ ಸಿಬ್ಬಂದಿಗೆ ಶಿಫಾರಸು ಮಾಡುವ ಅನುಮತಿ ಇದೆ, ನೋಂದಾಯಿತ ರೋಗಿಗಳು 60 ಲಕ್ಷಕ್ಕೂ ಜಾಸ್ತಿ ಎಂದು ವರದಿ ಹೇಳಿತು. ಫೆಡರಲ್ ಸರ್ಕಾರ ಕಾಲು ಶತಮಾನ ಅಪರಾಧ ಎಂದು ಕರೆದ ಕೆಲಸವೇ ಅದರ ಕಡತದಲ್ಲಿ ಪುರಾವೆಯಾಗಿ ಬಂದು ಕೂತಿತು. ಪುರಾವೆ ಹುಟ್ಟಿದ್ದೇ ರಾಜ್ಯಗಳು ಮಾತು ಕೇಳದ್ದರಿಂದ.

ಹಾಗಂತ ಮೂರನೇ ಶೆಡ್ಯೂಲ್ ಬಂದರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. 280ಇ ಮೊದಲೆರಡು ಶೆಡ್ಯೂಲ್‌ಗಳಿಗೆ ಮಾತ್ರ ಅನ್ವಯ, ಹಾಗಾಗಿ ಅಂಗಡಿಯವರ ತೆರಿಗೆ ಇಳಿಯುತ್ತದೆ. ಸಂಶೋಧನೆ ಸುಲಭ ಆಗುತ್ತದೆ. ಆದರೆ ಮೂರನೇ ಶೆಡ್ಯೂಲ್‌ನ ಔಷಧ ಎಂದರೆ ಫೆಡರಲ್ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ, ವೈದ್ಯರು ಚೀಟಿ ಬರೆದು, ಫಾರ್ಮಸಿಯಲ್ಲಿ ಕೊಡುವ ಔಷಧ. ಅಂಗಡಿಯಲ್ಲಿ ಸಿಗುವ ಗಾಂಜಾ ಹೂವಿಗಾಗಲಿ, ಮನೆಯಲ್ಲಿ ಬೆಳೆದ ಗಿಡಕ್ಕಾಗಲಿ ಎಫ್‌ಡಿಎ ಒಪ್ಪಿಗೆ ಇಲ್ಲ. ಎಫ್‌ಡಿಎ ಒಪ್ಪಿದ್ದು ಗಾಂಜಾದ ಅಂಶವನ್ನು ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್ ತರದ ಮಾತ್ರೆಯನ್ನು, 2018ರಲ್ಲಿ ಅಪಸ್ಮಾರಕ್ಕೆಂದು ಗಾಂಜಾ ಗಿಡದಿಂದ ತೆಗೆದ ಎಪಿಡಿಯೋಲೆಕ್ಸ್ ಎಂಬ ಔಷಧವನ್ನು. ಕಂಪನಿ ತಯಾರಿಸಿದ ಸೀಸೆಗೆ ಒಂದು ಕಾನೂನು, ಗಿಡಕ್ಕೆ ಇನ್ನೊಂದು ಕಾನೂನು ಎನ್ನುವುದು ಶೆಡ್ಯೂಲಿನ ಅಂಕಿ ಬದಲಾದ ಮಾತ್ರಕ್ಕೆ ಹೋಗಲ್ಲ. ಸ್ಟೀವನ್ಸ್ ಬರೆದ ತರ್ಕ ಒಂದನೇ ಶೆಡ್ಯೂಲ್‌ಗೆ ಎಷ್ಟು ಹೊಂದುತ್ತದೋ ಮೂರನೆಯದಕ್ಕೂ ಅಷ್ಟೇ ಹೊಂದುತ್ತದೆ. ಮನೆಯಲ್ಲಿ ಗಿಡ ಬೆಳೆದುಕೊಳ್ಳುವ ರೋಗಿಗೆ ಆಗಲೂ ಆಸರೆ ಆಗುವುದು ಆ ಬಜೆಟ್ ಷರತ್ತೇ. ಅದರ ಅವಧಿಯನ್ನು ಕಾಂಗ್ರೆಸ್ ಪ್ರತಿ ಬಜೆಟ್‌ನಲ್ಲೂ ನೆನಪಿಟ್ಟು ಮುಂದಕ್ಕೆ ಹಾಕುತ್ತಿರಬೇಕು.